ಹದಿನೈದನೆಯ ಬೆರಳು

೨೦೦೪ನೆಯ ಇಸವಿ ಮಾರ್ಚ್ ೧೪, ಭಾನುವಾರ. ಆಧಾರ: ಸಿಡ್ನಿಯ ನಮ್ಮ ಯಾಂತ್ರಿಕ ಆರ್ಗನ್ ಆಸಕ್ತರ ಸಂಘದ ನಡವಳಿ ಪುಸ್ತಕ, ಎರಡನೆಯ ಸಂಪುಟ, ಪುಟ ೪೧. ಆ ದಿನದ ಮೂರನೆಯ ನಿರ್ಣಯವನ್ನು ಇಂಗ್ಲಿಷಿನಿಂದ ಹೀಗೆ ಕನ್ನಡಿಸಬಹುದು: “ಮೆಲ್ಬರ್ನಿನಲ್ಲಿರುವ ಆರ್ಗನ್ನಿಗೆ ಹೊಸ ಪುಸ್ತಕವೊಂದನ್ನು ಕೈಯಿಂದಲೇ ಕತ್ತರಿಸಿ, ಮೇ ಇಪ್ಪತ್ತೆರಡರೊಳಗೆ ಅದನ್ನು ಅದರ ಒಡತಿಯ ಎದುರಿಗೆ ನುಡಿಸಿ ತೋರಿಸುವುದು.” ಅದರ ಕೆಳಗೆ ಹೊಣೆ ಹೊತ್ತವರ ಹೆಸರಿದೆ. ಆ ಹೆಸರನ್ನು ನಾನಿಲ್ಲಿ ಎತ್ತಿ ಬರೆಯುವುದಿಲ್ಲ. ಮುಂದೆ ಆ ಆರ್ಗನ್ನಿಗೆ ಹಿತ್ತಾಳೆಯ ಫಲಕ ಹಾಕಿಸಿದಾಗ ತಮ್ಮ ಹೆಸರು ಬೇಡವೆಂದು ಹಟ ಹಿಡಿದು ಬಿಡಿಸಿದವರು ಅವರು. ಹೋದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಫಲಕಕ್ಕೆ ಬೇಡವೆಂದದ್ದನ್ನು ಈ ಬರಹಕ್ಕೆ ಮಾತ್ರ ಬೇಕೆನ್ನಲು ನನಗೆ ಅಧಿಕಾರವಿಲ್ಲ.

ನಮ್ಮ ಸಂಘದ ಬಗ್ಗೆ ಎರಡು ಮಾತು ಹೇಳದೆ ಅವರ ಬಗ್ಗೆ ಹೇಳಲಾಗದು. ಯಾಂತ್ರಿಕ ಆರ್ಗನ್ ತನ್ನಷ್ಟಕ್ಕೆ ನುಡಿಯುವ ವಾದ್ಯ. ಒಬ್ಬರು ಗಾಲಿ ತಿರುಗಿಸಿದರೆ ಸಾಕು. ಗಾಲಿ ತಿದಿಯನ್ನು ಒತ್ತಿ ಗಾಳಿ ತುಂಬಿಸುತ್ತದೆ. ಅದೇ ಗಾಲಿ ಮಡಿಕೆ ಮಡಿಕೆಯಾದ ಉದ್ದನೆಯ ರಟ್ಟಿನ ಪುಸ್ತಕವನ್ನು ನಿಧಾನವಾಗಿ ಒಳಕ್ಕೆಳೆದುಕೊಳ್ಳುತ್ತದೆ. ಆ ಪುಸ್ತಕದಲ್ಲಿ ಅಕ್ಷರಗಳಿಲ್ಲ, ತೂತುಗಳಿವೆ. ಅಡ್ಡಸಾಲಾಗಿ ನಿಂತ ಲೋಹದ ಸಣ್ಣ ಬೆರಳುಗಳಲ್ಲಿ ಯಾವುದಕ್ಕೆ ತೂತು ಸಿಗುತ್ತದೆಯೋ ಆ ಬೆರಳು ಮೇಲೇಳುತ್ತದೆ, ಅದರ ಕೊಳವೆಗೆ ಗಾಳಿ ನುಗ್ಗುತ್ತದೆ, ಸ್ವರ ಹೊರಡುತ್ತದೆ. ಒಂದು ಕಾಲಕ್ಕೆ ಬೀದಿಗಳಲ್ಲೂ ಸಂತೆಗಳಲ್ಲೂ ಮೆರೆದ ಈ ವಾದ್ಯಗಳನ್ನು ಕಾಪಾಡಲು ಹತ್ತು ಹನ್ನೆರಡು ಮಂದಿ ಸ್ವಯಂಸೇವಕರು ವಾರಕ್ಕೊಮ್ಮೆ ಒಂದು ಹಳೆಯ ಶೆಡ್ಡಿನಲ್ಲಿ ಸೇರುತ್ತಿದ್ದೆವು. ಅಧ್ಯಕ್ಷರು ಕೆನ್, ರೈಲ್ವೆ ಕಾರ್ಯಾಗಾರದಿಂದ ನಿವೃತ್ತರಾದ ಫಿಟ್ಟರು. ನಾನು ಕಾರ್ಯದರ್ಶಿ. ಮೂವತ್ತು ವರ್ಷ ಮಣ್ಣಿನ ರಸಾಯನವನ್ನು ಸಂಶೋಧಿಸಿ ನಿವೃತ್ತನಾದವನಿಗೆ ಸಂಗೀತ ಬಾರದಿದ್ದರೂ ದಾಖಲೆ ಇಡುವುದು ಬರುತ್ತದೆಂದು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು.

ಅವರು ಮೊದಲು ಬಂದದ್ದು ೨೦೦೨ರ ಆಗಸ್ಟ್ ೧೮ರಂದು. ಸಂದರ್ಶಕರ ಪುಸ್ತಕದಲ್ಲಿ ಸಹಿಯಿದೆ. ಆ ಮಧ್ಯಾಹ್ನ ಶೆಡ್ಡಿನ ದೊಡ್ಡ ಆರ್ಗನ್ ಉಬ್ಬಸ ಬಂದವರಂತೆ ಏದುತ್ತಿತ್ತು. ಆರು ಜನ ಆರು ಕಡೆ ಕಿವಿಯಿಟ್ಟು ಗಾಳಿ ಸೋರುವ ಜಾಗ ಹುಡುಕುತ್ತಿದ್ದೆವು. “ಎಲ್ಲೋ ಸೋರುತ್ತಿದೆ” ಎಂದು ನಾನು ಅಭ್ಯಾಸಬಲದಿಂದ ಕನ್ನಡದಲ್ಲೇ ಗೊಣಗಿದೆ.

ಬೆನ್ನ ಹಿಂದಿನಿಂದ ಉತ್ತರ ಬಂತು: “ಎಲ್ಲೋ ಅಲ್ರೀ ಸರ, ಬಲಗಡೆ ಮೂಲ್ಯಾಗ.”

ತಿರುಗಿ ನೋಡಿದೆ. ನಲವತ್ತೈದರ ಆಸುಪಾಸಿನ ಹೆಂಗಸು. ಜೀನ್ಸು, ಕುರ್ತಾ, ಜಡೆಯಲ್ಲಿ ಸಿಕ್ಕಿಸಿಕೊಂಡ ಪೆನ್ಸಿಲ್. ನಮ್ಮ ಅಪ್ಪಣೆಗೆ ಕಾಯದೆ ಕಾರಿನವರೆಗೆ ಹೋಗಿ ಒಂದು ಕಟ್ಟು ಊದಿನಕಡ್ಡಿ ತಂದರು. ಒಂದನ್ನು ಹಚ್ಚಿ ತಿದಿಯ ಅಂಚಿನುದ್ದಕ್ಕೂ ಮೆಲ್ಲನೆ ಸರಿಸತೊಡಗಿದರು. ಕೆನ್ ತಲೆಯ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ತಲೆಬಾಗಿ ನಿಂತರು. ಉಳಿದವರೂ ಹಾಗೆಯೇ ನಿಂತರು.

“ಸರ, ಇವರಿಗೆ ಹೇಳ್ರಿ, ಇದು ಪೂಜಾ ಅಲ್ಲ, ಟೆಸ್ಟಿಂಗ್” ಎಂದರು ತುಟಿಯಂಚಿನಲ್ಲಿ. ಅಷ್ಟರಲ್ಲಿ ನೆಟ್ಟಗೆ ಏರುತ್ತಿದ್ದ ಹೊಗೆ ಬಲಮೂಲೆಯ ಬಳಿ ಫಕ್ಕನೆ ಬಾಗಿತು. ಅಲ್ಲಿ ಚರ್ಮ ಕೂದಲೆಳೆಯಷ್ಟು ಬಿರಿದಿತ್ತು.

ಈ ವಿದ್ಯೆ ಅವರಿಗೆ ತಂದೆಯಿಂದ ಬಂದದ್ದು. ತಂದೆ ಹುಬ್ಬಳ್ಳಿಯಲ್ಲಿ ನಾಟಕ ಕಂಪನಿಗಳ ಹಾರ್ಮೋನಿಯಂ ದುರಸ್ತಿ ಮಾಡುತ್ತಿದ್ದರಂತೆ. ಅವರ ಮಾತಿನಲ್ಲಿ ಅದು ಪೇಟಿ. ಮಗಳು ಓದಿ ಇಂಜಿನಿಯರಾಗಿ, ಸಿಡ್ನಿಯ ಚಾಟ್ಸ್‌ವುಡ್‌ನ ಕಂಪನಿಯೊಂದರಲ್ಲಿ ಸಾಫ್ಟ್‌ವೇರುಗಳ ತಪ್ಪು ಹಿಡಿಯುವ ಕೆಲಸದಲ್ಲಿದ್ದರು. ಗಂಡನೊಡನೆ ಎಪ್ಪಿಂಗ್‌ನ ಅಪಾರ್ಟ್‌ಮೆಂಟಿನಲ್ಲಿ ವಾಸ. “ಆಫೀಸಿನ್ಯಾಗ ಇಡೀ ದಿನಾ ಬ್ಯಾರೇದವರ ತಪ್ಪು ಹುಡುಕ್ತೀನ್ರೀ. ಇಲ್ಲಿ ಬಂದ್ರ ಗಾಳಿ ತಪ್ಪು ಹುಡುಕ್ತೀನಿ. ಗಾಳಿ ಮರಳಿ ಜಗಳಾ ಮಾಡಂಗಿಲ್ಲ, ಅಷ್ಟ ಫರಕು” ಎನ್ನುತ್ತಿದ್ದರು. ನಾನು ಎಲ್ಲದಕ್ಕೂ ತಾರೀಖು ಕೇಳುವವನೆಂದು ತಿಳಿದ ಮೇಲೆ ನನಗೆ ‘ತಾರೀಖಿನ ಸರ’ ಎಂದು ಹೆಸರಿಟ್ಟರು. ನಾನು ಅವರನ್ನು ‘ಅಮ್ಮಾ’ ಎಂದೇ ಕರೆಯುತ್ತಿದ್ದೆ.

ಕೆಲಸದಲ್ಲಿ ಅವರದೊಂದು ಕಟ್ಟಳೆಯಿತ್ತು. ಸರಿಪಡಿಸಿದ ಕೊಳವೆ ಮೂರು ಬಾರಿ ನುಡಿಯುವ ತನಕ ‘ಆತು’ ಎನ್ನುತ್ತಿರಲಿಲ್ಲ. “ಒಮ್ಮೆ ನುಡಿದರ ಪುಣ್ಯಾ, ಮೂರು ಸಲಾ ನುಡಿದರ ಕೆಲಸಾ.” ಗಾಲಿ ಹಿಡಿಯುವ ಮುಂಚೆ ಅಂಗೈಗಳನ್ನು ಕುರ್ತಾಕ್ಕೆ ಎರಡು ಬಾರಿ ಒರೆಸಿಕೊಳ್ಳುತ್ತಿದ್ದರು. ಎಲ್ಲ ಆರ್ಗನ್ನುಗಳಿಗೂ ಅವರಿಟ್ಟ ಹೆಸರು ಒಂದೇ, ಅಜ್ಜ. ಕೆನ್ ಕೂಡ ಕ್ರಮೇಣ “ಅಜ್ಜ ಇವತ್ತು ಹೇಗಿದ್ದಾನೆ?” ಎಂದು ಕೇಳುವುದನ್ನು ಕಲಿತರು. ಕನ್ನಡದವರ ಕೂಟಗಳಲ್ಲಿ ಮಾತ್ರ ಅವರ ಈ ಹುಚ್ಚು ನಗೆಗೆ ಈಡಾಗುತ್ತಿತ್ತು. ಒಮ್ಮೆ ಹಬ್ಬದ ಊಟದಲ್ಲಿ ನನ್ನೆದುರೇ ಒಬ್ಬ ಆಂಟಿ, “ಏನಮ್ಮಾ, ವೀಕೆಂಡ್ ಆದ್ರೆ ಬಿಳಿ ತಾತಂದಿರ ಜೊತೆ ಡಬ್ಬ ಒರೆಸ್ತೀಯಂತೆ?” ಎಂದು ಕೆಣಕಿದರು. “ಹೌದ್ರೀ ಆಂಟಿ, ನೀವೂ ಬರ್ರಿ. ಅಜ್ಜಗ ಒಳಗಿನ ಗಾಳಿ ಸ್ವಲ್ಪ ಕಡಿಮಿ ಬೀಳ್ತೈತಿ ಅಲ್ಲಿ” ಎಂದರು ಅವರು, ಹೋಳಿಗೆ ಮುರಿಯುತ್ತ.

ಮೆಲ್ಬರ್ನಿನ ಆರ್ಗನ್ನನ್ನು ಪತ್ತೆ ಹಚ್ಚಿದವರೂ ಅವರೇ. ಆ ಊರಿನ ಡಾಕ್‌ಲ್ಯಾಂಡ್ಸ್‌ನ ಕಚೇರಿಯೊಂದಕ್ಕೆ ಕಂಪನಿಯವರು ಅವರನ್ನು ಆಗಾಗ ಕಳಿಸುತ್ತಿದ್ದರು. ಅಂಥ ಒಂದು ಭೇಟಿಯಲ್ಲಿ, ಯಾರೋ ಹೇಳಿದ್ದನ್ನು ಕೇಳಿ, ಸಂಜೆಯ ಟ್ರ್ಯಾಮು ಹಿಡಿದು ಒಬ್ಬ ವೃದ್ಧೆಯ ಮನೆಗೆ ಹೋದರು. ತೀರಿಹೋದ ಗಂಡ ಕೈಯಾರೆ ಸಾಕಿದ ಮೂವತ್ತೈದು ಬೆರಳುಗಳ ಆರ್ಗನ್ ಆಕೆಯ ಗ್ಯಾರೇಜಿನಲ್ಲಿತ್ತು. ಸೂರಿನ ಸೋರಿಕೆಯಿಂದ ರಟ್ಟಿನ ಪುಸ್ತಕಗಳೆಲ್ಲ ಕೊಳೆತು ಹೋಗಿದ್ದವು. ಆಕೆ ಮನೆ ಮಾರಿ ವೃದ್ಧರ ವಸತಿಗೆ ಹೊರಟಿದ್ದರು. ಅಲಂಕಾರದ ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ಆಗಲೇ ಬಂದು ನೋಡಿಹೋಗಿದ್ದ. ಒಳಗಿನ ಕೊಳವೆಗಳನ್ನು ಕಿತ್ತು, ಮುಂಭಾಗದ ಚಿತ್ತಾರವನ್ನು ಉಳಿಸಿಕೊಂಡು, ಅದನ್ನೊಂದು ಮದ್ಯದ ಕೌಂಟರು ಮಾಡುವ ಆಲೋಚನೆ ಅವನದು.

ವೃದ್ಧೆ ಒಂದು ಷರತ್ತು ಹಾಕಿದರು. ಮನೆ ಬಿಡುವ ದಿನ, ಅಂದರೆ ಮೇ ೨೨ರ ಶನಿವಾರದೊಳಗೆ, ಗಂಡ ದಿನವೂ ನುಡಿಸುತ್ತಿದ್ದ ವಾಲ್ಟ್ಸ್ ಎಂಬ ಕುಣಿತದ ಹಾಡನ್ನು ಅದೇ ಆರ್ಗನ್ನಿನಲ್ಲಿ ರಟ್ಟಿನ ಪುಸ್ತಕದಿಂದಲೇ ಕೇಳಿಸಬೇಕು. ಕೇಳಿಸಿದರೆ ಆರ್ಗನ್ ಸಂಘಕ್ಕೆ. ಇಲ್ಲವಾದರೆ ಸೋಮವಾರ ವ್ಯಾಪಾರಿಯ ಲಾರಿ ಬರುತ್ತದೆ.

ಮಾರ್ಚ್ ೧೪ರ ಸಭೆಯಲ್ಲಿ ಹೆಚ್ಚಿನವರು ಆಗದೆಂದು ತಲೆಯಾಡಿಸಿದರು. ಅಷ್ಟು ಕಡಿಮೆ ಸಮಯ, ಅಷ್ಟು ದೂರ. ಪುಸ್ತಕವನ್ನು ಸಿಡ್ನಿಯಲ್ಲಿ ಕತ್ತರಿಸಬೇಕು, ಪರೀಕ್ಷೆ ಮೆಲ್ಬರ್ನಿನಲ್ಲಿ. ಅವರು ಎದ್ದು ನಿಂತು ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಹೇಳಿದರು: ನಾನು ಕತ್ತರಿಸುತ್ತೇನೆ. ಇಷ್ಟು ಹಟ ಏಕೆಂದು ಹೊರಗೆ ಬಂದ ಮೇಲೆ ಕೇಳಿದೆ.

“ನಮ್ಮ ಅಪ್ಪ ಹೋದಾಗ ನಾ ಇಲ್ಲಿದ್ನಿ ಸರ. ಅಂಗಡ್ಯಾಗಿನ ಪೇಟಿ ಎಲ್ಲಾ ಮಂದಿ ಒಂದು ಹೋಟೆಲಿನವಗ ಮಾರಿಬಿಟ್ರು. ಆಮ್ಯಾಲ ಊರಿಗೆ ಹೋದಾಗ ಆ ಹೋಟೆಲಿಗೆ ಚಾ ಕುಡ್ಯಾಕ ಹೋಗಿದ್ನಿ. ಬಾಗಲದಾಗ ನಮ್ಮಪ್ಪ ಕೂಡಿಸಿದ ಪೇಟಿ. ಮ್ಯಾಲ ಹೂವಿನ ಕುಂಡಾ ಇಟ್ಟಾರ. ನಾ ಒಂದು ಸ್ವರದ ಮನಿ ಒತ್ತಿ ನೋಡಿದ್ನಿ. ಒಳಗ ಏನೂ ಇಲ್ಲ ಸರ, ಬರೇ ಡಬ್ಬಿ.” ಜಡೆಯ ಪೆನ್ಸಿಲನ್ನು ಮತ್ತೆ ಒಳಕ್ಕೆ ಸಿಕ್ಕಿಸಿಕೊಂಡು, “ಈ ಅಜ್ಜ ಡಬ್ಬಿ ಆಗಂಗಿಲ್ಲ” ಎಂದರು.

ಪುಸ್ತಕ ಕತ್ತರಿಸಲು ಮೊದಲು ಬೇಕಾದದ್ದು ಅಳತೆಪಟ್ಟಿ: ಎಷ್ಟನೆಯ ಬೆರಳಿಗೆ ಯಾವ ಸ್ವರ ಎಂಬ ಪಟ್ಟಿ. ಇದು ಪ್ರತಿಯೊಂದು ಆರ್ಗನ್ನಿಗೂ ಬೇರೆ. ವೃದ್ಧೆಯ ಗಂಡ ಬರೆದಿಟ್ಟಿದ್ದ ಪಟ್ಟಿ ಅಂಚೆಯಲ್ಲಿ ನನಗೆ ಬಂತು. ನೀರುಂಡು, ಮಡಿಕೆಗಳಲ್ಲಿ ಹರಿದು, ಮುಟ್ಟಿದರೆ ಉದುರುವ ಹಾಳೆ. ಮೂಲ ದಾಖಲೆಗಳು ಕಡತದಿಂದ ಹೊರಗೆ ಹೋಗಕೂಡದೆಂಬುದು ಸಂಘದಲ್ಲಿ ನಾನೇ ಜಾರಿಗೆ ತಂದ ನಿಯಮ. ಆದ್ದರಿಂದ ಅದರ ಶುದ್ಧ ಪ್ರತಿಯೊಂದನ್ನು ಬರೆದು ಅವರಿಗೆ ಕೊಟ್ಟೆ.

“ಒಂದ ಸಲ ಮೂಲ ತೋರಸ್ರಿ ಸರ, ಕಣ್ಣಾಡಿಸಿ ಕೊಡ್ತೀನಿ.”

“ಅದನ್ನು ಬಿಚ್ಚಿದರೆ ಚೂರಾಗುತ್ತದೆ ಅಮ್ಮಾ. ನನ್ನ ಪ್ರತಿ ಮೂಲಕ್ಕಿಂತ ಸ್ಪಷ್ಟವಾಗಿದೆ.”

“ಹಂಗಂದ್ರ ಸರಿ. ತಾರೀಖಿನ ಸರ ಅಂದಮ್ಯಾಲ ಸರಕಾರಿ ಮುದ್ರೆ ಇದ್ದಂಗ” ಎಂದು ನಕ್ಕು ತೆಗೆದುಕೊಂಡರು.

ರಾಗದ ಕಥೆ ಬೇರೆ. ಆ ವಾಲ್ಟ್ಸಿನ ಹೆಸರು ವೃದ್ಧೆಗೆ ಗೊತ್ತಿರಲಿಲ್ಲ, ಅಚ್ಚಾದ ಸ್ವರಲಿಪಿಯೂ ಇರಲಿಲ್ಲ. ಆಕೆಗೆ ಗೊತ್ತಿದ್ದದ್ದು ಗುನುಗುವುದೊಂದೇ. ಸತತ ನಾಲ್ಕು ಭಾನುವಾರ ಎಪ್ಪಿಂಗ್‌ನ ಅಡುಗೆಮನೆಯ ಕಟ್ಟೆಯ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿಟ್ಟು, ಮೆಲ್ಬರ್ನಿನಿಂದ ಬರುವ ಆ ನಡುಗುವ ಗುನುಗನ್ನು ಅವರು ಆಫೀಸಿನ ಹಳೆಯ ಪ್ರಿಂಟೌಟುಗಳ ಬೆನ್ನಿಗೆ ಸ, ರಿ, ಗ, ಮ ಎಂದು ಬರೆದುಕೊಂಡರು. ಒಂದು ಭಾನುವಾರ ನಾನೂ ಅಲ್ಲಿದ್ದೆ.

“ಇನ್ನೊಂದು ಸಲ, ಆಂಟಿ” ಎನ್ನುತ್ತಿದ್ದರು ಇಂಗ್ಲಿಷಿನಲ್ಲಿ. ಎಂಬತ್ತು ದಾಟಿದ ಆ ಆಸ್ಟ್ರೇಲಿಯನ್ ಹೆಂಗಸೂ ಅವರಿಗೆ ಆಂಟಿಯೇ.

“ಹತ್ತು ಸಲ ಹಾಡಿದೆನಲ್ಲ ಮಗೂ!”

“ಹತ್ತೂ ಸಲ ಬೇರೆ ಬೇರೆ ಹಾಡಿದಿರಿ.”

ಆ ಕಡೆಯಿಂದ ನಗೆ, ಕೆಮ್ಮು, ಮತ್ತೆ ಗುನುಗು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿದರು. “ಪ್ರತೀ ಸಲ ಸಾ ಬದಲು ಮಾಡ್ತಾರ್ರೀ. ಇರವಲ್ದ್ಯಾಕ, ನಡಿಗಿ ಬದಲಾಗಿಲ್ಲ. ನಡಿಗಿ ಸಿಕ್ಕರ ಮನಶ್ಯಾ ಸಿಕ್ಕಂಗ.” ಪಟ್ಟಿ ನೋಡುತ್ತ, ಆ ರಾಗಕ್ಕೆ ಬೇಕಾದ ಒಂದು ಸ್ವರ ಅಜ್ಜನ ಬಳಿ ಇಲ್ಲವೇ ಇಲ್ಲವೆಂದು ಕಂಡುಕೊಂಡರು. ಅಕ್ಕಪಕ್ಕದ ಎರಡು ಸ್ವರಗಳನ್ನು ಬೇಗ ಬೇಗ ಮುಟ್ಟಿಸಿ ಆ ಕೊರತೆಯನ್ನು ದಾಟುವ ಉಪಾಯ ಹೂಡಿದರು. ನಾಟಕದ ಪೇಟಿಯಲ್ಲಿ ಒಂದು ಮನೆ ಕೈಕೊಟ್ಟರೆ ಮಾಸ್ತರರು ಮಾಡುತ್ತಿದ್ದ ಉಪಾಯವಂತೆ ಅದು.

ಹನ್ನೊಂದು ಮೀಟರು ರಟ್ಟು, ಸಾವಿರಕ್ಕೂ ಹೆಚ್ಚು ತೂತು. ಒಂದೊಂದಕ್ಕೂ ಉಳಿಯಿಟ್ಟು ಸುತ್ತಿಗೆಯ ಪೆಟ್ಟು. ಅಪಾರ್ಟ್‌ಮೆಂಟಿನಲ್ಲಿ ಈ ಸದ್ದನ್ನು ಯಾರು ತಾಳಿಯಾರು? ಕೆಳಮನೆಯ ಉತ್ತರ ಭಾರತದ ಯುವಕ ಬಾಗಿಲು ತಟ್ಟಿ, “ದೀದಿ, ಛುಟ್ಟೀ ಕೆ ದಿನ್ ಭೀ?” ಎಂದು, ರಜೆಯ ದಿನವೂ ಈ ಸದ್ದೇ ಎಂಬಂತೆ, ಕೈಮುಗಿದನಂತೆ. ಮರುದಿನವೇ ಅವರು ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿದು, ತಮ್ಮ ಕಾರಿನ ಜಾಗದಲ್ಲಿ ಹಲಗೆ ಹಾಕಿದರು. ಆ ಜಾಗ ಕಾರಿಗೆ ಮಾತ್ರವೆಂದು ಕಟ್ಟಡದ ಆಡಳಿತದವರು ಪತ್ರ ಬರೆದರು. ಅವರು ಕಾರನ್ನು ಅದರ ಜಾಗಕ್ಕೆ ತಂದು ನಿಲ್ಲಿಸಿ, ಡಿಕ್ಕಿ ತೆರೆದು, ಹಲಗೆಯನ್ನು ಡಿಕ್ಕಿಯೊಳಕ್ಕೆ ಚಾಚಿ ಕೆಲಸ ಮುಂದುವರಿಸಿದರು. “ಕಾರೂ ಐತಿ, ಕಾರಿನ ಜಾಗಾದಾಗ ಐತಿ. ಇನ್ನೇನು ಬರೀತಾರ ಬರೀಲಿ.” ಎರಡನೆಯ ಪತ್ರ ಬರಲಿಲ್ಲ.

ಏಪ್ರಿಲ್ ಕೊನೆಗೆ ಪುಸ್ತಕ ಸಿದ್ಧವಾಯಿತು. ಅರಗಿನ ಮೆರುಗು ಬಳಿದು, ಒಣಗಿಸಿ, ಮಡಿಸಿ, ಕೆನ್ನರ ವ್ಯಾನಿನಲ್ಲಿ ಮೆಲ್ಬರ್ನಿಗೆ ಒಯ್ದೆವು. ಮೇ ೨, ಭಾನುವಾರ. ಗ್ಯಾರೇಜಿನಲ್ಲಿ ನಾವು ಮೂವರು, ಮತ್ತು ಮಡಿಸುವ ಕುರ್ಚಿಯ ಮೇಲೆ ಆ ವೃದ್ಧೆ. ಅವರು ಅಂಗೈಗಳನ್ನು ಕುರ್ತಾಕ್ಕೆ ಒರೆಸಿಕೊಂಡು ಗಾಲಿ ಹಿಡಿದರು.

ಮೊದಲ ಕೆಲವು ಕ್ಷಣ ಮಂದ್ರದ ಸ್ವರಗಳು ಗಂಭೀರವಾಗಿ, ಹೆಜ್ಜೆ ತಪ್ಪದೆ ಹೊರಟವು. ವೃದ್ಧೆ ಮುಂದಕ್ಕೆ ಬಾಗಿದರು. ಆಮೇಲೆ ರಾಗ ಸೇರಿಕೊಂಡಿತು, ಅದರ ಒಂದೊಂದು ಸ್ವರವೂ ಪಕ್ಕದ ಮನೆಗೆ ಜಾರಿ ಬಿದ್ದಿತ್ತು. ಕೆಳಗಿನ ಸ್ವರಗಳು ಮದುವೆಗೆ, ಮೇಲಿನವು ತಿಥಿಗೆ ಹೊರಟಂತಿತ್ತು. ವೃದ್ಧೆ ಎರಡೂ ಕಿವಿ ಮುಚ್ಚಿಕೊಂಡರು. ಅವರು ಗಾಲಿ ನಿಲ್ಲಿಸಿದರು.

ಪುಸ್ತಕವನ್ನು ಹೊರತೆಗೆದು, ಕೆನ್ನರ ಕೈಗೆ ಗಾಲಿ ಕೊಟ್ಟು, ಹಾಲಿನ ಕ್ರೇಟೊಂದನ್ನು ಬೋರಲು ಹಾಕಿ ಕುಳಿತು, ನನ್ನ ಪ್ರತಿಯನ್ನು ಎಡಗೈಯಲ್ಲಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ಎಬ್ಬಿಸಿ ಕೇಳುತ್ತ ಹೋದರು. ಹದಿನಾಲ್ಕರವರೆಗೆ ಎಲ್ಲ ಸರಿ. ಹದಿನೈದನೆಯದು ಸದ್ದು ಮಾಡಲಿಲ್ಲ. ಮತ್ತೆ ಎಬ್ಬಿಸಿದರು. ಬರೇ ಗಾಳಿ.

“ಅದೇ? ಅದು ಡೋಲಿನದು” ಎಂದರು ವೃದ್ಧೆ. “ಮೊದಲು ಒಂದು ಡೋಲು ಇತ್ತು. ನನಗೆ ಅದರ ಬಡಿತ ಆಗದು ಅಂತ ಮದುವೆಯಾದ ವರ್ಷವೇ ಕಿತ್ತುಹಾಕಿದರು. ಬೆರಳು ಉಳಿದುಕೊಂಡಿದೆ.”

ಸದ್ದಿಲ್ಲದ ಆ ಒಂದು ಬೆರಳನ್ನು ಲೆಕ್ಕಕ್ಕೆ ಹಿಡಿಯದ್ದರಿಂದ, ಅದರಾಚೆಗಿನ ಇಪ್ಪತ್ತು ಬೆರಳುಗಳ ತೂತುಗಳೆಲ್ಲ ಒಂದೊಂದು ಸಾಲು ಪಕ್ಕಕ್ಕೆ ಬಿದ್ದಿದ್ದವು. ಈ ವಾದ್ಯಗಳ ಸಹವಾಸವಿದ್ದವರು ಮಾತ್ರ ಮಾಡಬಲ್ಲ ತಪ್ಪು ಅದು.

“ಪಟ್ಟಿಯಲ್ಲಿ ಇರಲಿಲ್ಲವೇ?” ಎಂದು ಕೆನ್ ಕೇಳಿದರು.

“ಇತ್ತು. ಹದಿನೈದರ ಎದುರು ಒಂದು ಅಡ್ಡಗೆರೆ ಇತ್ತು. ನನಗೆ ಚೆನ್ನಾಗಿ ನೆನಪಿದೆ” ಎಂದೆ ನಾನು.

ಎಲ್ಲರೂ ಅವರತ್ತ ನೋಡಿದೆವು. ಅವರು ಕೈಯಲ್ಲಿದ್ದ ಕಾಗದವನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು.

“ನಾನೇ ಬಿಟ್ಟಿದ್ದೇನೆ. ತಪ್ಪು ನನ್ನದು” ಎಂದರು ಇಂಗ್ಲಿಷಿನಲ್ಲಿ. “ಇನ್ನು ಇಪ್ಪತ್ತು ದಿನ ಇದೆ. ಮತ್ತೆ ಕತ್ತರಿಸುತ್ತೇನೆ.”

ಹಿಂದಿರುಗುವ ದಾರಿಯುದ್ದಕ್ಕೂ ನಾನು ಅವರಿಗೆ ಪಾಠ ಹೇಳಿದೆನೆಂಬುದನ್ನು ಇಲ್ಲಿ ದಾಖಲಿಸಬೇಕು. ಖಾಲಿ ಸಾಲೂ ಒಂದು ಸಾಲೇ, ಪ್ರಯೋಗಶಾಲೆಯಲ್ಲಿ ಸೊನ್ನೆಯೂ ಒಂದು ಅಳತೆಯೇ, ಏನೂ ಇಲ್ಲವೆಂಬುದನ್ನೂ ಬರೆದಿಡುವವನೇ ಸಂಶೋಧಕ ಎಂದೆಲ್ಲ ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತ “ಹೌದ್ರೀ ಸರ” ಎಂದರು. ನನಗದು ಸಾಲದಾಯಿತು. ತಪ್ಪು ಆದದ್ದಾದರೂ ಹೇಗೆಂದು ಮತ್ತೆ ಕೆದಕಿದೆ.

“ಯಾರು, ಹೆಂಗ ಅಂತ ಹುಡುಕ್ಕೋಂತ ಕುಂತ್ರ ರಟ್ಟು ತನ್ನಷ್ಟಕ್ಕ ಕಟ್ ಆಗಂಗಿಲ್ಲ ಸರ. ನನಗ ನಾಳಿ ಮುಂಜಾನಿ ರಟ್ಟು ಎಲ್ಲಿ ಸಿಗ್ತೈತಿ, ಅಷ್ಟ ಹೇಳ್ರಿ.”

ತಪ್ಪಾದ ತೂತುಗಳಿಗೆ ತೇಪೆ ಹಾಕಲು ಬರುವುದಿಲ್ಲ; ತೇಪೆಯ ದಪ್ಪಕ್ಕೆ ಪುಸ್ತಕ ಉರುಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇಡೀ ಹನ್ನೊಂದು ಮೀಟರನ್ನು ಹೊಸದಾಗಿಯೇ ಕತ್ತರಿಸಬೇಕಿತ್ತು. ಗಡುವು ವಿಸ್ತರಿಸಲು ವೃದ್ಧೆಯನ್ನು ಕೇಳೋಣವೆಂದು ಕೆನ್ ಸೂಚಿಸಿದಾಗ, ಮನೆ ಈಗ ಆಕೆಯದಲ್ಲ, ಆದ್ದರಿಂದ ಗಡುವಿನ ದಿನವೂ ಆಕೆಯ ಕೈಯಲ್ಲಿಲ್ಲ ಎಂದರು ಅವರು. ಹಾಡಿನ ಮೊದಲ ಒಂದು ನಿಮಿಷವನ್ನು ಮಾತ್ರ ಕತ್ತರಿಸಿದರೆ ಸಾಲದೇ ಎಂದು ನಾನು ಕೇಳಿದೆ.

“ಅರ್ಧಾ ಹಾಡಿಗೆ ಆಂಟಿ ಅರ್ಧಾ ಆರ್ಗನ್ ಕೊಡ್ತಾರೇನ್ರೀ?”

ಆ ಇಪ್ಪತ್ತು ದಿನಗಳನ್ನು ಕುರಿತು ನನ್ನಲ್ಲಿರುವ ಲಿಖಿತ ಆಧಾರ ಕಡಿಮೆ. ಆಫೀಸಿಗೆ ಹತ್ತು ದಿನ ರಜೆ ಹಾಕಿದರು. ಊರಿಗೆ ಹೋಗಲೆಂದು ಕೂಡಿಟ್ಟ ರಜೆಯೆಂದು ಅವರ ಪತಿಯಿಂದ ತಿಳಿಯಿತು. ಪ್ರತಿದಿನ ಬೆಳಿಗ್ಗೆ ಸದ್ದು ಮಾಡಲು ಅನುಮತಿಯಿರುವ ಹೊತ್ತಿಗೆ ಸರಿಯಾಗಿ ಸುತ್ತಿಗೆ ಎತ್ತುತ್ತಿದ್ದರು. ಎರಡನೆಯ ವಾರ ನಾನು ಹೋದಾಗ ಬಲ ಅಂಗೈಯಲ್ಲಿ ಬೊಬ್ಬೆ ಒಡೆದಿತ್ತು, ಅದರ ಮೇಲೆ ಬಟ್ಟೆ ಸುತ್ತಿಕೊಂಡಿದ್ದರು. ಕೆಳಮನೆಯ ಆ ಯುವಕ ರಟ್ಟಿನ ಇನ್ನೊಂದು ತುದಿಯನ್ನು ಹಿಡಿದು ನಿಂತಿದ್ದ. ‘ದೀದಿ’ ಅವನಿಗೂ ಕೆಲಸ ಹಚ್ಚಿದ್ದರು. “ಸುಮ್ಮನೆ ನಿದ್ದೆ ಕೆಡುವುದಕ್ಕಿಂತ ಇದು ವಾಸಿ” ಎಂದು ಅವನು ನನಗೆ ಹಿಂದಿಯಲ್ಲಿ ಹೇಳಿದ. ಅವರು ತಲೆಯೆತ್ತಲಿಲ್ಲ. ಪ್ರತಿ ತೂತಿಗೂ ಮುಂಚೆ ಬೆರಳು ಸಾಲನ್ನು ಬಾಯಲ್ಲಿ ಎಣಿಸುತ್ತಿದ್ದರು: ಹದಿಮೂರು, ಹದಿನಾಲ್ಕು, ಖಾಲಿ, ಹದಿನಾರು.

ಮೇ ೨೨, ಶನಿವಾರ. ಮನೆಯ ಸಾಮಾನೆಲ್ಲ ಖಾಲಿಯಾಗಿತ್ತು. ಗ್ಯಾರೇಜಿನಲ್ಲಿ ಆರ್ಗನ್ ಒಂದೇ ಉಳಿದಿತ್ತು, ಅದರ ಎದುರಿಗೆ ಅದೇ ಕುರ್ಚಿ. ರಟ್ಟಿನ ಪುಸ್ತಕ ಹಿಂದಿನ ಸೀಟಿನಲ್ಲಿ ಸೀಟ್‌ಬೆಲ್ಟ್ ಹಾಕಿಕೊಂಡು ಬಂದಿತ್ತು. ಅವರು ಅಂಗೈಗಳನ್ನು ಒರೆಸಿಕೊಂಡರು, ಬಟ್ಟೆ ಸುತ್ತಿದ ಕೈಯನ್ನೂ. ಗಾಲಿ ತಿರುಗಿತು.

ಆ ರಾಗವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಮಂದ್ರಕ್ಕೂ ರಾಗಕ್ಕೂ ಜಗಳವಿರಲಿಲ್ಲ. ಇಲ್ಲದ ಸ್ವರ ಬರಬೇಕಾದ ಕಡೆಗಳಲ್ಲೆಲ್ಲ ಅಕ್ಕಪಕ್ಕದ ಎರಡು ಸ್ವರಗಳು ಕೈಹಿಡಿದು ದಾಟಿಸಿದವು. ಕೊನೆಯ ಮಡಿಕೆ ಹೊರಬಂದಾಗ ನಾವೆಲ್ಲ ವೃದ್ಧೆಯ ಮುಖ ನೋಡಿದೆವು.

“ಬೇಗವಾಯಿತು” ಎಂದರು ಆಕೆ. “ಅವರು ಇಷ್ಟು ಬೇಗ ತಿರುಗಿಸುತ್ತಿರಲಿಲ್ಲ.”

ಪುಸ್ತಕ ಕತ್ತರಿಸಿದವರು ಅದನ್ನು ಮತ್ತೆ ಮೊದಲಿನ ಮಡಿಕೆಗೆ ಜೋಡಿಸಿ, ಗಾಲಿಯ ಪಕ್ಕಕ್ಕೆ ಸರಿದು ನಿಂತು, “ಹಾಗಾದರೆ ನೀವೇ ತಿರುಗಿಸಿ, ಆಂಟಿ. ನಡಿಗೆ ನಿಮಗೆ ಗೊತ್ತು” ಎಂದರು.

ವೃದ್ಧೆ ಎದ್ದುಬಂದು ಎರಡು ಕೈಗಳಿಂದ ಗಾಲಿ ಹಿಡಿದರು. ತೀರ ನಿಧಾನ. ಆ ನಿಧಾನದಲ್ಲಿ ಅದು ನಾವು ಕೇಳಿದ್ದಕ್ಕಿಂತ ಬೇರೆಯೇ ಹಾಡಾಗಿತ್ತು. ಮುಗಿದ ಮೇಲೆ ಆಕೆ ಮೂರನೆಯ ಬಾರಿಗೆ ತಾವೇ ಪುಸ್ತಕ ಜೋಡಿಸಿದರು. ಮೂರನೆಯ ಬಾರಿ ಮುಗಿದಾಗ ಇವರು ನನ್ನತ್ತ ತಿರುಗಿ, “ಆತು ಸರ” ಎಂದರು.

ಆರ್ಗನ್ ಸಂಘಕ್ಕೆ ಬಂತು. ಇಂದಿಗೂ ತಿಂಗಳ ಮೊದಲ ಶನಿವಾರ ನುಡಿಯುತ್ತದೆ. ಅವರು ಮುಂದೆ ಇನ್ನೂ ಒಂಬತ್ತು ಪುಸ್ತಕಗಳನ್ನು ಕತ್ತರಿಸಿದರು. ಅವುಗಳಲ್ಲೊಂದು ತಂದೆ ಪೇಟಿ ದುರಸ್ತಿ ಮಾಡುತ್ತಿದ್ದ ನಾಟಕ ಕಂಪನಿಯೊಂದರ ನಾಂದಿಯ ರಾಗ. ಕಾಯಿಲೆ ಹೆಚ್ಚಿದ ಕೊನೆಯ ವರ್ಷದಲ್ಲೂ ಕುರ್ಚಿ ಹಾಕಿಸಿಕೊಂಡು ಕುಳಿತು, ಹೊಸ ಸದಸ್ಯರ ಕೈಗೆ ಊದಿನಕಡ್ಡಿ ಕೊಟ್ಟು, ಹೊಗೆ ಬಾಗುವುದನ್ನು ಕಾಯುವುದು ಹೇಗೆಂದು ಕಲಿಸುತ್ತಿದ್ದರು.

ಇಷ್ಟನ್ನು ಬರೆದು ಮುಗಿಸಿ, ಎಂದಿನಂತೆ ತಾರೀಖುಗಳನ್ನು ತಾಳೆ ನೋಡಲು ಕುಳಿತಾಗ, ಅವರ ಪತಿ ಸಂಘಕ್ಕೆ ಒಪ್ಪಿಸಿದ ಕಾಗದಗಳ ಪೆಟ್ಟಿಗೆಯನ್ನೂ ತೆರೆದೆ. ಅದರಲ್ಲಿ ನಾಲ್ಕು ಮಡಿಕೆಯಾದ ಒಂದು ಹಾಳೆಯಿತ್ತು. ಮೆಲ್ಬರ್ನಿನ ಆರ್ಗನ್ನಿನ ಅಳತೆಪಟ್ಟಿ, ನಾನು ಮಾಡಿಕೊಟ್ಟ ಶುದ್ಧ ಪ್ರತಿ. ಮೂಲ ಪಟ್ಟಿ ಕಡತದಲ್ಲಿದೆ. ಅದನ್ನೂ ಹೊರತೆಗೆದು ಪಕ್ಕದಲ್ಲಿಟ್ಟೆ. ಮೂಲದಲ್ಲಿ ಮೂವತ್ತೈದು ಸಾಲುಗಳಿವೆ, ಹದಿನೈದರ ಎದುರು ಒಂದು ಅಡ್ಡಗೆರೆ. ನನ್ನ ಪ್ರತಿಯಲ್ಲಿ ಮೂವತ್ತನಾಲ್ಕೇ ಸಾಲುಗಳಿವೆ. ಅಡ್ಡಗೆರೆಯ ಸಾಲು ಇಲ್ಲ. ಹದಿನೈದು ಎಂದು ನಾನು ಬರೆದಿರುವುದು ಮೂಲದ ಹದಿನಾರನ್ನು. ಕೈಬರಹ ಆದ್ಯಂತ ನನ್ನದು. ಹದಿನಾಲ್ಕರ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ‘ಇಲ್ಲಿ ಒಂದು ಖಾಲಿ’ ಎಂದು ಅವರು ಕನ್ನಡದಲ್ಲಿ ಬರೆದುಕೊಂಡಿದ್ದಾರೆ. ಹಾಳೆಯ ಬುಡದಲ್ಲಿ ನನ್ನ ಷರಾ ಇದೆ: “ಮೂಲದೊಡನೆ ತಾಳೆ ನೋಡಲಾಗಿದೆ. ಮಾರ್ಚ್ ೨೦, ೨೦೦೪.”

ನಡವಳಿ ಪುಸ್ತಕದ ದಾಖಲೆ ಇದಕ್ಕೆ ವಿರುದ್ಧವಾಗಿದೆ. ಪುಟ ೪೬, ಮೇ ೯ರ ಸಭೆ: “ಅಳತೆಪಟ್ಟಿಯನ್ನು ಓದುವಲ್ಲಿ ಆದ ದೋಷ ತಮ್ಮದೆಂದು ಅವರು ಒಪ್ಪಿಕೊಂಡರು.” ಬರೆದವನು ನಾನು. ಜೂನ್ ೧೩ರ ಸಭೆಯಲ್ಲಿ ಆ ಪುಟವನ್ನು ಓದಿ ಹೇಳಿದ ಮೇಲೆ, ಅದು ನಡೆದದ್ದಕ್ಕೆ ಸರಿಯಾಗಿದೆಯೆಂದು ಅನುಮೋದಿಸಿ ಕೆಳಗೆ ಸಹಿ ಹಾಕಿದವರು ಅವರು.